ಈರಮ್ಮನ ನಾಯಿಯೂ ಫೆರೋಷಸ್ ಎಂಬ ಮಾತೂ

ಕೋರ್ಟಿನಲ್ಲಿ ದುಭಾಷಿ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ನೋಡಲು ಬಂದರೆ ಮೊದಲು ಕೇಳುವುದು ಯಾವ ಡಿಕ್ಷನರಿ ಕೊಳ್ಳಬೇಕು ಎಂದು. ಯಾವುದಾದರೂ ಕೊಳ್ಳಿ, ಗಟ್ಟಿ ರಟ್ಟು ಹಾಕಿಸಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಮುದುಕ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಚಹಾ ಕುಡಿದು ಎದ್ದು ಹೋಗುತ್ತಾರೆ. ಗುಟ್ಟೇನೋ ಇದೆ. ಆದರೆ ಅದನ್ನು ಹೇಳಬೇಕಾದರೆ ನನ್ನ ಮಾನ ಹೋದ ಒಂದು ಸಂಗತಿಯನ್ನೂ ಹೇಳಬೇಕು. ಇಷ್ಟು ವರ್ಷ ತಪ್ಪಿಸಿಕೊಂಡೆ. ಈಗ ಪಿಂಚಣಿ ತಿನ್ನುವವನಿಗೆ ಎಂಥ ಮಾನ, ಬರೆದೇಬಿಡುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಏನು ಸರ್ಟಿಫಿಕೇಟು ಕೊಟ್ಟರು ಎಂಬ ಪುರಾಣ ಇಲ್ಲಿ ಇಲ್ಲ. ಅದು ಬೇಕಾದವರು ನನ್ನ ಹೆಂಡತಿಯನ್ನು ಕೇಳಬಹುದು, ಆಕೆಗೆ ಬಾಯಿಪಾಠವಾಗಿದೆ.

ನಾನು ಸೇರಿದ್ದು ಆದೋನಿ ಸೀಮೆಯ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಆಗ ನಮ್ಮ ಸೀಮೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮೇಲೆ ಮದ್ರಾಸಿನ ಸರ್ಕಾರ. ಕಟಕಟೆಯಲ್ಲಿ ನಿಂತವರು ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವರು, ಸಿಟ್ಟು ಬಂದರೆ ದಖನಿ ಉರ್ದುವಿನಲ್ಲಿ ಬೈಯುವರು. ಪೀಠದ ಮೇಲಿನ ಸಾಹೇಬರು ದೂರದ ದಕ್ಷಿಣದಿಂದ ವರ್ಗವಾಗಿ ಬಂದವರು. ಅವರಿಗೆ ಈ ಮೂರೂ ಬರುವುದಿಲ್ಲ, ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ನಡುವೆ ನಾನು. ಕಟಕಟೆಯ ಮಾತನ್ನು ನಾನು ಇಂಗ್ಲಿಷು ಮಾಡಿ ಹೇಳಬೇಕು, ಸಾಹೇಬರು ತಮ್ಮ ಕೈಯಾರೆ ಬರೆದುಕೊಳ್ಳುತ್ತಾರೆ. ಕೊನೆಗೆ ಆ ಕಾಗದವನ್ನು ನನ್ನ ಕೈಗೆ ಕೊಡುತ್ತಾರೆ. ನಾನು ಅದನ್ನು ಮತ್ತೆ ಕನ್ನಡ ಮಾಡಿ, ಹೇಳಿದವರಿಗೇ ಓದಿ ತಿಳಿಸಬೇಕು. ಅವರು ಹೌದು ಎಂದರೆ ರುಜು, ಓದು ಬರದಿದ್ದರೆ ಹೆಬ್ಬೆಟ್ಟು. ಈ ಕೊನೆಯ ಓದಿನ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅಲ್ಲೇ.

ನಮ್ಮ ಹಿರಿಯ ಭಾಷಾಂತರಕಾರರು ಸಂಗನಬಸಪ್ಪನವರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೈಮೇಲೆ ಮುಚ್ಚಿದ ಕೊರಳಿನ ಕೋಟು. ಅರಳೆ ವ್ಯಾಪಾರಿಗಳ ಮನೆತನದಲ್ಲಿ ಹುಟ್ಟಿಯೂ ವ್ಯಾಪಾರ ಬಿಟ್ಟು ಪದಗಳ ಹಿಂದೆ ಬಿದ್ದ ಮನುಷ್ಯ. ಅಂಥವರ ಕೈಕೆಳಗೆ ಕೆಲಸ ಕಲಿತದ್ದು ನನ್ನ ಪುಣ್ಯ. ಅವರ ಹತ್ತಿರ ಕೆಂಪು ಬಟ್ಟೆ ಹೊದಿಸಿದ ಒಂದು ದಪ್ಪ ಪುಸ್ತಕವಿತ್ತು. ಒಂದೊಂದು ಇಂಗ್ಲಿಷ್ ಪದಕ್ಕೆ ಒಂದೊಂದು ಪುಟ. ಅದರಲ್ಲಿ ಅರ್ಥ ಬರೆದಿರುತ್ತಿರಲಿಲ್ಲ. ಆ ಪದವನ್ನು ಯಾರು, ಯಾವಾಗ, ಯಾವುದರ ಮೇಲೆ ಬಳಸಿದರು ಎಂಬುದಷ್ಟೇ.

"ಡಿಕ್ಷನರಿ ಪದದ ಮನಿ ತೋರಸತೈತಿ. ಅದರ ನಡತಿ ತೋರಸಂಗಿಲ್ಲ. ಹೆಣ್ಣು ಕೊಡೋರು ಬರೇ ಮನಿ ನೋಡಿ ಕೊಡ್ತಾರೇನು?" ಎನ್ನುತ್ತಿದ್ದರು.

ಫೆರೋಷಸ್ ಎಂಬ ಪದವನ್ನು ನಾನು ಮೊದಲು ಕಂಡದ್ದು ಆ ಪುಸ್ತಕದಲ್ಲೇ. ಏನು ಸದ್ದು ಅದರದು! ಹೇಳುವಾಗಲೇ ಹಲ್ಲು ತುಟಿಗೆ ತಾಗುತ್ತದೆ. ಪುಟದಲ್ಲಿ ಹೀಗಿತ್ತು: ಹುಲಿ, ಅರಣ್ಯ ಇಲಾಖೆಯ ವರದಿ. ಮರಿ ಹಾಕಿದ ಕಾಡುಹಂದಿ, ಶಿಕಾರಿಗೆ ಹೋದ ದೊರೆಯೊಬ್ಬನ ಕಾಗದ. ನಮ್ಮ ಸೀಮೆಯ ಬಿಸಿಲು, ಅದೇ ದೊರೆ ಅದೇ ಕಾಗದ. ಇಬ್ಬರು ವಕೀಲರ ವಾದ, ಮದ್ರಾಸಿನ ಪತ್ರಿಕೆ. ಗಾಳಿ, ಜಗಳಗಂಟಿ ಅತ್ತೆ, ಹಸಿವು. ಕೆಳಗೆ ಸಣ್ಣ ಅಕ್ಷರದಲ್ಲಿ: "ಹಳೆಯ ಬೇರು ಕಾಡುಪ್ರಾಣಿಯದು. ಮನುಷ್ಯನ ಕೈಗೆ ಪಳಗದ್ದು, ರಕ್ತ ಬಯಸುವುದು. ಇಂಗ್ಲಿಷರು ಈಗ ಬಿಸಿಲಿಗೂ ಹಸಿವಿಗೂ ಹಚ್ಚುತ್ತಾರೆ, ಆಗ ರಕ್ತವಿಲ್ಲ, ಬರೀ ಜೋರು. ಆದರೆ ಕೋರ್ಟಿನ ಕಾಗದದಲ್ಲಿ ಬಂದರೆ ಬೇರು ಎಚ್ಚರವಾಗುತ್ತದೆ."

ಆ ಕೊನೆಯ ಸಾಲನ್ನು ನಾನು ಓದಿದೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಪದ ಮಾತ್ರ ನನ್ನ ನಾಲಿಗೆಗೆ ಅಂಟಿಕೊಂಡಿತು. ಹೊಸ ಚಪ್ಪಲಿ ಕೊಂಡವನು ಮನೆಯೊಳಗೂ ಮೆಟ್ಟಿಕೊಂಡು ತಿರುಗುವ ಹಾಗೆ ಕಂಡಕಂಡಲ್ಲಿ ಅದನ್ನು ಬಳಸತೊಡಗಿದೆ.

ಮೊದಲ ಪೆಟ್ಟು ಮದ್ದಿಕೇರದ ಒಂದು ಜಗಳದಲ್ಲಿ ಬಿತ್ತು. ಬಾವಿಗಟ್ಟೆಯಲ್ಲಿ ಕೊಡ ತಾಗಿ ಶುರುವಾದ ಕದನ. ಫಿರ್ಯಾದಿ ಗಂಡಸು ಕಟಕಟೆಯಲ್ಲಿ ನಿಂತು, "ಆಕಿ ನನ್ನ ಮ್ಯಾಲ ಹುಲಿ ಬಂದಂಗ ಬಂದ್ಳ್ರಿ, ಪ್ರಾಣಂ ಪೋಯಿಂದಿ ಅನ್ಕೊಂಡೆ" ಎಂದ. ನಾನು ಉಬ್ಬಿಕೊಂಡು ಇಂಗ್ಲಿಷಿನಲ್ಲಿ, ಆ ಹೆಂಗಸು ಅತಿ ಫೆರೋಷಸ್ ಎಂದೆ. ಸಾಹೇಬರು ಲೇಖನಿ ಎತ್ತಿಕೊಂಡು, ಎಲ್ಲಿ ಆಕೆ, ಕರೆಯಿರಿ ಎಂದರು. ಆಕೆ ಆಗಲೇ ಆರೋಪಿಯ ಕಟಕಟೆಯಲ್ಲಿ ನಿಂತಿದ್ದಳು, ಕಟ್ಟಿಗೆಯ ಪಟ್ಟಿಯ ಮೇಲೆ ತಲೆಯೇ ಕಾಣುತ್ತಿರಲಿಲ್ಲ, ಅಷ್ಟು ಕುಳ್ಳು. ಸಾಹೇಬರು ಎದ್ದು ನಿಂತು ಬಗ್ಗಿ ನೋಡಬೇಕಾಯಿತು. ಕೋರ್ಟೇ ನಕ್ಕಿತು. ಆಕೆಯೂ ನಕ್ಕಳು, ಫಿರ್ಯಾದಿಯೂ ನಕ್ಕ, ಮಧ್ಯಾಹ್ನಕ್ಕೆ ರಾಜಿಯಾಯಿತು. ಸಂಗನಬಸಪ್ಪನವರು ಮಾತ್ರ ನಗಲಿಲ್ಲ.

"ಆಕಿ ಏನ್ ಮಾಡಿದ್ಳು ಅದನ್ನ ಹೇಳು. ಕೊಡ ಎತ್ತಿದ್ಳು, ಹೊಡದ್ಳು, ಬೈದ್ಳು. ಎಂಥಾಕಿ ಅನ್ನೋದು ನಿನ್ನ ಕೆಲಸಲ್ಲ. ಅದು ಮ್ಯಾಲ ಕುಂತೋರ ಕೆಲಸ" ಎಂದರು.

ನಾನು ಹೂಂ ಎಂದೆ. ಹೂಂ ಎನ್ನುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಈಗ ಕೊನೆಯ ಓದಿನ ವಿಷಯ. ದಿನಕ್ಕೆ ಹತ್ತಾರು ಹೇಳಿಕೆ, ಮೇಲೆ ಸಾಹೇಬರ ಅವಸರ. ಇಂಗ್ಲಿಷ್ ಕಾಗದ ಹಿಡಿದು ಒಂದೊಂದೇ ಸಾಲು ಕನ್ನಡ ಮಾಡುವುದು ತ್ರಾಸದ ಕೆಲಸ, ತಡವರಿಸಬೇಕಾಗುತ್ತದೆ. ನನಗೋ ಒಳ್ಳೆಯ ಜ್ಞಾಪಕಶಕ್ತಿ. ಅರ್ಧ ಗಂಟೆ ಹಿಂದೆ ಸಾಕ್ಷಿ ಹೇಳಿದ್ದು ಅವನ ಮಾತಿನಲ್ಲೇ ತಲೆಯಲ್ಲಿ ಇರುತ್ತಿತ್ತು. ಕಣ್ಣು ಕಾಗದದ ಮೇಲಿಟ್ಟು, ತಲೆಯಲ್ಲಿದ್ದದ್ದನ್ನು ಗಡಗಡ ಒಪ್ಪಿಸುತ್ತಿದ್ದೆ. ಜನ ಬೆರಗಾಗುತ್ತಿದ್ದರು. ತಮ್ಮ ಮಾತು ತಮ್ಮ ಊರಿನ ರಾಗದಲ್ಲೇ ಇಂಗ್ಲಿಷ್ ಕಾಗದದಿಂದ ಹೊರಗೆ ಬರುವುದು ಕೇಳಿ, "ಹೌದ್ರಿ, ಇದ್ದದ್ದು ಇದ್ದಂಗ ಬರದೀರಿ" ಎಂದು ಕೈ ಮುಗಿಯುತ್ತಿದ್ದರು. ಹೌದೆನ್ನದೆ ಏನು ಮಾಡಿಯಾರು? ಅವರ ಮಾತನ್ನೇ ಅವರಿಗೆ ಹೇಳುತ್ತಿದ್ದೆ. ಕಾಗದದಲ್ಲಿ ಏನಿದೆ ಎಂಬುದು ಮಾತ್ರ ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಇದು ಮೋಸ ಎಂದು ಆಗ ನನಗೆ ಅನ್ನಿಸಲೇ ಇಲ್ಲ. ಜಾಣತನ ಎಂದುಕೊಂಡಿದ್ದೆ.

ಎರಡನೇ ಮಹಾಯುದ್ಧ ಶುರುವಾದ ಮೇಲಿನ ಮಾತು. ಆಸ್ಪರಿ ಕಡೆಯ ಈರಮ್ಮ ಎಂಬ ಕುರಿ ಸಾಕುವ ಹೆಂಗಸಿನ ಮೇಲೆ ಒಂದು ಕೇಸು ಬಂತು. ಗಂಡನಿಗೆ ಕಣ್ಣು ಮಂದವಾಗಿ ಹಿಂಡನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು. ಹತ್ತಿ ಬಿಡಿಸಿ ಖಾಲಿಯಾದ ಹೊಲಗಳಲ್ಲಿ ಮುಳ್ಳಿನ ಬೇಲಿ ಹಾಕಿ ಕುರಿ ಮಂದೆ ನಿಲ್ಲಿಸುವುದು, ಗೊಬ್ಬರ ಬಿದ್ದ ಮೇಲೆ ಮುಂದಿನ ಹೊಲಕ್ಕೆ ಹೋಗುವುದು. ಕಾವಲಿಗೆ ಕೆಂಚ ಎಂಬ ಒಂದು ನಾಯಿ. ಹತ್ತಿ ವ್ಯಾಪಾರಿಯೊಬ್ಬರ ಕಡೆಯ ವೀರಭದ್ರಪ್ಪ ಎಂಬ ದಲಾಲಿ ಒಂದು ಮಧ್ಯಾಹ್ನ ಆ ಹೊಲದ ಮುಂದಿನ ಬೆಳೆಯ ಮಾತಾಡಲು ಹೋಗಿ, ಮಂದೆಯ ನಡುವೆ ಹಾಯ್ದು ಹೊರಟಿದ್ದರು. ನಾಯಿ ಮೀನಖಂಡ ಹಿಡಿಯಿತು. ನಾಯಿಗೆ ಹುಚ್ಚಿಲ್ಲ ಎಂದು ದನದ ಡಾಕ್ಟರು ಬರೆದುಕೊಟ್ಟಿದ್ದರು. ಆದರೂ ದಲಾಲಿ ವಾರಗಟ್ಟಲೆ ಕುಂಟಿದರು, ಅದು ಸುಳ್ಳಲ್ಲ. ಅಪಾಯದ ಪ್ರಾಣಿ ಎಂದು ಗೊತ್ತಿದ್ದೂ ಹದ್ದುಬಸ್ತಿನಲ್ಲಿಡದ ತಪ್ಪು ಈರಮ್ಮನ ಮೇಲೆ. ತಪ್ಪು ಸಾಬೀತಾದರೆ ಆಕೆಗೆ ಶಿಕ್ಷೆ, ನಾಯಿಗೆ ಪೊಲೀಸರ ಗುಂಡು. ತೀರ್ಪು ಬರುವವರೆಗೆ ನಾಯಿಯನ್ನು ಹಗಲೂ ರಾತ್ರಿ ಕಟ್ಟಿಹಾಕಬೇಕೆಂದು ಹುಕುಂ ಆಗಿತ್ತು. ಅದು ಕಟ್ಟಿನಲ್ಲಿದ್ದ ಮೊದಲ ವಾರವೇ ತೋಳ ಬಂದು ಎರಡು ಮರಿ ಒಯ್ದಿತ್ತು.

ಈರಮ್ಮ ಕಟಕಟೆಗೆ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಏನೂ ಇಲ್ಲ, ಕೋಲನ್ನು ಹೊರಗೆ ಇಡಿಸಿದ್ದರು. ನಾಯಿ ಎಂಥದು ಎಂದು ಸಾಹೇಬರು ಕೇಳಿಸಿದರು. ಆಕೆಯ ಮುಖ ಅರಳಿತು. ಮಗನ ವಿಷಯ ಕೇಳಿದರೂ ಅಷ್ಟು ಅರಳುತ್ತಿತ್ತೋ ಇಲ್ಲವೋ.

"ಕೆಂಚ ಭಾಳ ಜೋರ್ ಅದಾನ್ರಿ. ಅಂಥಾ ನಾಯಿ ನಮ್ ಸೀಮ್ಯಾಗ ಇಲ್ಲ. ತೋಳದ ಕುತ್ತಿಗಿ ಹಿಡದ್ನಂದ್ರ ಬಿಡಂಗಿಲ್ಲ. ಅವ ಇರೋದಕ್ಕ ನಾವು ಅದೀವ್ರಿ."

ನನ್ನ ನಾಲಿಗೆಯ ತುದಿಯಲ್ಲಿ ಪದ ಕಾಯುತ್ತಲೇ ಇತ್ತು. ನಾಯಿ ಅತ್ಯಂತ ಫೆರೋಷಸ್, ಕುತ್ತಿಗೆ ಹಿಡಿದರೆ ಬಿಡುವುದಿಲ್ಲ ಎಂದುಬಿಟ್ಟೆ. ತೋಳದ ಹೆಸರು ಎಲ್ಲಿ ಬಿದ್ದುಹೋಯಿತೋ ನನಗೇ ತಿಳಿಯಲಿಲ್ಲ. ಸಾಹೇಬರು ಬರೆದುಕೊಂಡರು, ಪದದ ಕೆಳಗೆ ಒಂದು ಗೆರೆ ಎಳೆದರು. ಕಾಗದ ನನ್ನ ಕೈಗೆ ಬಂತು. ನಾನು ಎಂದಿನಂತೆ ಕಣ್ಣು ಅದರ ಮೇಲಿಟ್ಟು, ಕೆಂಚ ಭಾಳ ಜೋರ್ ಅದಾನ, ತೋಳದ ಕುತ್ತಿಗಿ ಹಿಡದ್ನಂದ್ರ ಬಿಡಂಗಿಲ್ಲ ಎಂದು ಓದಿದೆ. ಆಕೆ ಖುಷಿಯಿಂದ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ತನ್ನ ನಾಯಿಯ ಮರಣದ ಕಾಗದಕ್ಕೆ ಆಕೆ ನಗುನಗುತ್ತ ಹೆಬ್ಬೆಟ್ಟು ಒತ್ತಿದ್ದು ಇವತ್ತಿಗೂ ನನ್ನ ಕಣ್ಣಮುಂದಿದೆ.

ಮರುದಿನ ಬೆಳಿಗ್ಗೆ ಆ ಕಾಗದ ನಕಲಿಗಾಗಿ ಸಂಗನಬಸಪ್ಪನವರ ಮೇಜಿಗೆ ಹೋಯಿತು. ಅವರು ನನ್ನನ್ನು ಕರೆದರು. ಗೆರೆ ಎಳೆದ ಪದದ ಮೇಲೆ ಬೆರಳಿಟ್ಟು ಕೇಳಿದರು.

"ಇದನ್ನ ಆಕಿಗೆ ಕನ್ನಡದಾಗ ಹೆಂಗ ಓದಿದಿ?"

"ಜೋರ್ ಅಂತ ಓದಿದೆ."

"ಇಲ್ಲಿ ಜೋರ್ ಅಂತ ಎಲ್ಲೈತಿ? ಮತ್ತ ತೋಳ ಎಲ್ಲಿ ಹೋತು? ಇಲ್ಲಿರೋ ಪ್ರಕಾರ ಈ ನಾಯಿ ಮನಶ್ಯಾನ ಕುತ್ತಿಗಿ ಹಿಡಿತೈತಿ. ಇದಕ್ಕ ಆಕಿ ಹೌದು ಅಂದ್ಳೇನು?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲ ತಿಳಿದುಹೋಯಿತು ಅವರಿಗೆ.

"ಎಷ್ಟು ದಿನದಿಂದ ಹಿಂಗ ಓದಕ್ಕತ್ತಿ?"

"ಒಂದ್ ವರ್ಷಾತ್ರಿ."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನೀವೇ ಸಾಹೇಬರಿಗೆ ಒಂದು ಮಾತು ಹೇಳಿ, ಭಾಷಾಂತರದಲ್ಲಿ ಸಣ್ಣ ತಪ್ಪಾಗಿದೆ ಎಂದರೆ ಸಾಕು ಎಂದು ಬೇಡಿಕೊಂಡೆ.

"ಪದದ ತಪ್ಪು ನಾ ಹೇಳಬಹುದು. ಓದಿದ್ದು ಸುಳ್ಳು ಅಂತ ಹೇಳಾಕ ನೀನೇ ಬೇಕು. ಕೆಲಸ ಹೋದ್ರ ಹೋದೀತು, ನಿನಗ ಬಾಯಿ ಐತಿ, ಎಲ್ಲ್ಯರ ಬದುಕ್ತಿ. ಆ ನಾಯಿ ಬಂದು ಹೇಳಂಗಿಲ್ಲ" ಎಂದರು.

ತೀರ್ಪಿನ ದಿನ ಕೋರ್ಟು ತುಂಬಿತ್ತು. ಸಾಹೇಬರು ಮಾತು ಶುರು ಮಾಡುವ ಮೊದಲೇ ನಾನು ಎದ್ದು ನಿಂತೆ. ಈ ಹೇಳಿಕೆಯನ್ನು ಆರೋಪಿಗೆ ನಾನು ಕಾಗದದಿಂದ ಓದಲಿಲ್ಲ, ನೆನಪಿನಿಂದ ಹೇಳಿದೆ, ಬರೆದದ್ದು ಆಕೆಗೆ ತಿಳಿದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ಈರಮ್ಮನಿಗೆ ಕನ್ನಡದಲ್ಲೂ ಹೇಳಿದೆ. ಸಾಹೇಬರು ಗದರಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟು, ಹಾಗಾದರೆ ಈಗ ಓದಿ, ಇಲ್ಲಿರುವುದನ್ನು, ಎಂದರು.

ಈಗ ಬಂತು ಕಷ್ಟ. ಫೆರೋಷಸ್ ಎಂಬುದನ್ನು ಆಕೆಯ ಕನ್ನಡದಲ್ಲಿ ಹೇಳಬೇಕು. ಉಗ್ರ, ರೌದ್ರ, ಕ್ರೂರ ಎಂದು ಶಾಲೆಯಲ್ಲಿ ಕಲಿತ ಪದಗಳೆಲ್ಲ ಸಾಲಾಗಿ ಬಂದು ನಿಂತವು. ಒಂದೂ ಈರಮ್ಮನ ಹೊಲಕ್ಕೆ ಹೋಗುವಂಥದಲ್ಲ. ಕೊನೆಗೆ ಬಿಡಿಸಿ ಹೇಳಿದೆ: "ನಿನ್ನ ನಾಯಿ ಪಳಗಿದ್ದಲ್ಲ, ಕಾಡಿಂದು. ಕಂಡವರ ಮ್ಯಾಲ ಬೀಳತೈತಿ, ಕೊಲ್ಲಬೇಕು ಅಂತನ ಬೀಳತೈತಿ, ಕುತ್ತಿಗಿ ಹಿಡದ್ರ ಬಿಡಂಗಿಲ್ಲ ಅಂತ ನೀ ಹೇಳಿದಿ ಅಂತ ಇಲ್ಲಿ ಬರದೈತಿ."

ಈರಮ್ಮ ಗದ್ದಕ್ಕೆ ಬೆರಳಿಟ್ಟಳು.

"ಯಪ್ಪಾ, ಅದು ತೋಳದ ಗುಣಾ ಅಲ್ಲೇನೋ! ನಾ ನಾಯಿದು ಹೇಳಿದ್ರ ನೀ ತೋಳದ್ದು ಬರಸಿದೇನು? ತೋಳ ಹಂಗ ಅದಾವಂತನ ನಾಯಿ ಸಾಕೀವಿ."

ನಾನು ಅದನ್ನು ಇದ್ದಂತೆಯೇ ಇಂಗ್ಲಿಷು ಮಾಡಿ ಹೇಳಿದೆ. ಸಂಗನಬಸಪ್ಪನವರು ವರ್ಷಗಟ್ಟಲೆ ಪುಟ ತುಂಬಿಸಿ ಕಂಡುಕೊಂಡದ್ದನ್ನು ಓದು ಬರಹವಿಲ್ಲದ ಈ ಹೆಂಗಸು ಒಂದೇ ಉಸಿರಿಗೆ ಹೇಳಿದ್ದಳು. ಅವರ ಕಡೆ ನೋಡಿದೆ. ಅವರ ಮುಖದಲ್ಲಿ ಎಂಥ ಸಂತೋಷ! ನನ್ನ ಮೇಲಲ್ಲ, ಆಕೆಯ ಮೇಲೆ.

ಹಾಗಾದರೆ ದಲಾಲಿಯನ್ನು ಯಾಕೆ ಕಚ್ಚಿತು ಎಂದು ಸಾಹೇಬರು ಕೇಳಿಸಿದರು. ಮಂದೆಗೆ ಬರುವವರು ಬೇಲಿಯಿಂದ ಆಚೆಯೇ ನಿಲ್ಲಬೇಕು, ಕೋಲು ಕೆಳಗಿಟ್ಟು ನೆಲಕ್ಕೆ ಕೂಡಬೇಕು, ಕೂತೇ ಕೂಗಬೇಕು, ಕೂತವರನ್ನು ನಾಯಿ ಮುಟ್ಟುವುದಿಲ್ಲ ಎಂದಳು ಈರಮ್ಮ. "ಕೂಡ್ರಿ ಕೂಡ್ರಿ ಅಂತ ನಾ ಒದರಿದೆ. ಇವ್ರು ಛತ್ರಿ ಎತ್ತಿಕೊಂಡು ನಡದೇ ಬಂದ್ರು."

ದಲಾಲಿ ಇದನ್ನು ಕಟ್ಟುಕಥೆ ಎಂದರು. ಸಾಹೇಬರು ತೀರ್ಪನ್ನು ಮಡಿಚಿ ಒಳಗಿಟ್ಟರು. ಎರಡೂ ಕಡೆಯವರು ಬರಲಿ, ಸ್ಥಳ ನೋಡಿಯೇ ಬಿಡೋಣ ಎಂದರು. ಎಂಥೆಂಥ ಸಾಹೇಬರನ್ನೋ ಕಂಡಿದ್ದೇನೆ. ಒಂದು ನಾಯಿಗಾಗಿ ಆಸ್ಪರಿಯ ಕರಿಮಣ್ಣಿನಲ್ಲಿ ಎತ್ತಿನ ಗಾಡಿ ಹತ್ತಿ ಹೊರಟವರು ಇವರೊಬ್ಬರೇ.

ಬೆಳಗಿನ ಒಂಬತ್ತು ಗಂಟೆಯ ಹೊತ್ತಿಗೆ ತಲುಪಿದೆವು. ಸಾಹೇಬರ ಮಾತಿನಂತೆ ಈರಮ್ಮ ನಾಯಿಯ ಸರಪಳಿ ಬಿಚ್ಚಿದಳು. ಕಂದುಬಣ್ಣ, ಒಂದು ಕಿವಿ ಹರಿದದ್ದು, ಎದೆ ಅಗಲ. ನಮ್ಮನ್ನು ಕಂಡದ್ದೇ ನೆಲ ಅದುರುವ ಹಾಗೆ ಬೊಗಳುತ್ತ ಬಂತು. ಜವಾನ ಗಾಡಿಯ ಹಿಂದೆ ಹೋದ, ಪೊಲೀಸು ಜವಾನನ ಹಿಂದೆ ಹೋದ. ನಾನೂ ಆ ಸಾಲಿಗೆ ಸೇರುವವನೇ, ಸಾಹೇಬರು ಕದಲದ್ದರಿಂದ ನಿಂತೆ.

"ಕೋಲು ಕೆಳಗಿಡ್ರಿ ಸಾಹೇಬ್ರ! ಕೂಡ್ರಿ!" ಎಂದು ಈರಮ್ಮ ಕೂಗಿದಳು.

ಸಾಹೇಬರಿಗೆ ಕನ್ನಡ ಬಾರದು, ನಾನು ಬಾಯಿ ತೆರೆಯುವುದರೊಳಗೆ ಅವರು ಬೆತ್ತ ಕೆಳಗಿಟ್ಟು, ಬಿಳಿಯ ಪ್ಯಾಂಟಿನಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಿದ್ದರು. ನಾನೂ ಕೂತೆ. ಸಂಗನಬಸಪ್ಪನವರೂ ಕೋಟು ಎತ್ತಿಕೊಂಡು ಕೂತರು. ನಾಯಿ ಎರಡು ಮಾರು ದೂರಕ್ಕೆ ಬಂದು ನಿಂತಿತು. ಬೊಗಳುವುದು ನಿಂತಿತು. ಸಾಹೇಬರನ್ನು ಸುತ್ತು ಹಾಕಿ ಮೂಸಿತು, ನನ್ನನ್ನು ಮೂಸಿತು. ಆಮೇಲೆ ಬೆನ್ನು ತಿರುಗಿಸಿ ಮಂದೆಯ ಬಾಯಿಗೆ ಹೋಗಿ ಮಲಗಿತು. ಹುಟ್ಟಿ ಎರಡು ದಿನವೂ ಆಗದ ಮರಿಯೊಂದು ತಡವರಿಸುತ್ತ ಬಂದು ಅದರ ಬೆನ್ನ ಮೇಲೆ ಮುಂಗಾಲು ಇಟ್ಟಿತು. ನಾಯಿ ಕಣ್ಣು ಕೂಡ ತೆರೆಯಲಿಲ್ಲ.

ಗಾಡಿಯ ಹತ್ತಿರ ನಿಂತಿದ್ದ ವೀರಭದ್ರಪ್ಪನವರನ್ನು ಸಾಹೇಬರು ಕರೆಸಿ, ಆಕೆ ಕೂಗಿದ್ದು ನಿಮಗೆ ಕೇಳಿಸಿತ್ತೇ ಎಂದು ಕೇಳಿಸಿದರು. ದಲಾಲಿ ಕೆಟ್ಟ ಮನುಷ್ಯನಲ್ಲ. ಕಣ್ಣಾರೆ ಕಂಡ ಮೇಲೆ ಸುಳ್ಳು ಹೇಳಲಿಲ್ಲ.

"ಕೇಳಿಸಿತ್ರಿ. ಹೊಸಾ ಧೋತ್ರ ಉಟ್ಟಿದ್ದೆ. ಒಬ್ಬ ಕುರಿ ಕಾಯಾಕಿ ಕೂಡು ಅಂದ್ರ ನಾ ಮಣ್ಣಾಗ ಕೂಡಬೇಕಾ ಅಂತ ಬಂದೆ. ಏಂ ಚೇಸ್ತಾಂ, ಏನ್ ಮಾಡೋದು, ತಪ್ಪಾತು."

ಅಲ್ಲಿಯೇ ಗಾಡಿಯ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಸಾಹೇಬರು ಈರಮ್ಮನ ಹೇಳಿಕೆಯನ್ನು ಹೊಸದಾಗಿ ಬರೆದುಕೊಂಡರು. ನನ್ನ ಕಡೆ ತಿರುಗಿ, ಈಗ ಯಾವ ಪದ ಹೇಳುತ್ತೀರಿ ಎಂದರು. ಪದ ಇಲ್ಲ, ನಾಯಿ ಮಾಡುವುದನ್ನು ಹೇಳುತ್ತೇನೆ ಎಂದೆ. ಕೋಲು ಹಿಡಿದು ನಡೆದು ಬಂದವರ ಮೇಲೆ ಹೋಗುತ್ತದೆ, ಕೂತವರನ್ನು ಮುಟ್ಟುವುದಿಲ್ಲ, ತೋಳದ ಕುತ್ತಿಗೆ ಹಿಡಿದರೆ ಬಿಡುವುದಿಲ್ಲ. ಅವರು ಅಷ್ಟನ್ನೇ ಬರೆದರು. ಹಿಂದೆ ಕೂತಿದ್ದ ಸಂಗನಬಸಪ್ಪನವರು ಒಮ್ಮೆ ಕೆಮ್ಮಿದರು. ಅವರ ಕಡೆಯಿಂದ ನನಗೆ ಸಿಕ್ಕ ಅತಿ ದೊಡ್ಡ ಶಹಬ್ಬಾಸು ಆ ಕೆಮ್ಮು.

ಕೇಸು ಬಿದ್ದುಹೋಯಿತು, ಕೆಂಚ ಉಳಿದ. ನನ್ನ ಕೆಲಸವೂ ಹೋಗಲಿಲ್ಲ. ಸಾಹೇಬರು ಒಂದೇ ಹುಕುಂ ಮಾಡಿದರು: ಇನ್ನು ಮುಂದೆ ಓದುವಾಗ ಬೆರಳು ಸಾಲಿನ ಕೆಳಗೆ ಇರಬೇಕು, ಬೆರಳು ಹೋದಷ್ಟೇ ನಾಲಿಗೆ ಹೋಗಬೇಕು. ಟೈಪು ಮಿಷಿನ್ನು ಬಂದ ಮೇಲೂ ನಾನು ಅದನ್ನು ಬಿಡಲಿಲ್ಲ. ಹೊಸಬರು ನನ್ನನ್ನು ಒಂದನೇ ಇಯತ್ತೆಯ ಮೇಷ್ಟ್ರು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ನೀವು ಕೇಳಿದ ಗುಟ್ಟು ಅದೇ, ಡಿಕ್ಷನರಿಯಲ್ಲ.

ಆವತ್ತು ಹೊಲದಲ್ಲಿ ಬೆರಳಿಟ್ಟು ಓದಿದ ಮೊದಲ ಕಾಗದ ಈರಮ್ಮನದೇ. ತಡವರಿಸುತ್ತ, ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಬೆವರು ಇಳಿಯಿತು. ಮುಗಿದ ಮೇಲೆ ಮಸಿಯ ಪಟ್ಟಿ ಮುಂದೆ ಹಿಡಿದೆ. ಆಕೆ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಮುಖ ನೋಡಿದಳು.

"ಯಪ್ಪಾ, ಒಂದ್ ಮಾತು. ಈಗ ನೀ ಓದಿದ್ದು ಕಾಗದದಾಗ ಇದ್ದದ್ದೋ, ನಿನ್ನ ತಲ್ಯಾಗ ಇದ್ದದ್ದೋ?"

"ಕಾಗದದಾಗ ಇದ್ದದ್ದವ್ವಾ" ಎಂದೆ.

ಆಕೆ ಇನ್ನೊಂದು ಸಲ ನೋಡಿದಳು, ಸೆರಗಿನಿಂದ ಕೈ ತೆಗೆದಳು.

"ಹಂಗಾದ್ರ ತಗೋ" ಎಂದು ಹೆಬ್ಬೆಟ್ಟು ಒತ್ತಿದಳು.